ಹೆಪ್ಪು

ಉಣಕಲ್ಲ ಕೆರೀ ದಂಡಿಗೆ ಮಿರ್ಚಿ ಗಾಡಿ ನಂದು.
ಇಪ್ಪತ್ತೆರಡು ವರ್ಷ ನೀರಿಗೆ ಬೆನ್ನು ಮಾಡಿ ನಿಂತಾಕಿ,
ಮಾರಿ ರಸ್ತಾದ ಕಡೆ, ಗಿರಾಕಿ ಕಡೆ.
ಹಿಂದ ಯಾವಾಗ ನೀರು ಹೋಗಿ ಹಸರು ಬಂತೋ ತಿಳೀಲೇ ಇಲ್ಲ.
ಒಂದಿನ ಯಾರದೋ ಹೋರಿಗರ
ಹೊಲ ಅಂತ ತಿಳಕೊಂಡು ಇಳದೇ ಬಿಟ್ಟಿತು,
ಹಗ್ಗಾ ಹಾಕಿ ಎಳದ್ವಿ. ಅವತ್ತು ತಿರುಗಿ ನೋಡಿದೆ.

ಅಂತರಗಂಗಿ ಅಂತಾರ. ಹೆಸರೇನೋ ದೇವರದು.
ಬೇರು ನೆಲಕ್ಕ ಮುಟ್ಟೂದಿಲ್ಲ.
ನಮ್ಮ ಓಣಿ ಗಟಾರ ಬಂದು ಬೀಳೂದು ಅಲ್ಲೇ,
ನಾ ತೊಳದ ಬಾಂಡೇದ ಎಣ್ಣಿ ನೀರು, ಬಚ್ಚಲದ್ದು, ಕಕ್ಕಸದ್ದು,
ಅದನ್ನ ಕುಡದು ಬೆಳದದ್ದು.
ಅಂದಮ್ಯಾಲೆ ಬೈಯೂದು ಯಾರಿಗೆ?

ಅಂಬಿಗೇರ ಯಂಕಣ್ಣ ಮಾತ್ರ ಬೈತಿದ್ದ.
ಬಲಿ ಒಗದರ ನೀರಿಗೆ ಬೀಳವಲ್ದು.
ತೆಪ್ಪದಾಗ ಕೂತು ಕುಡಗೋಲಲೆ ಕೊಯ್ದು ದಂಡಿಗೆ ಒಟ್ಟತಿದ್ದ,
ಒಟ್ಟಿದ್ದು ನಾರತಿತ್ತು,
ಕೊಯ್ದ ಜಾಗಾ ವಾರದಾಗ ಮತ್ತ ಮುಚ್ಚತಿತ್ತು.

ಮಿರ್ಚಿ ತಿನ್ನಾಕ ಬಂದ ತೇರದಾಳ ಮೇಡಂ
ಆ ಗುಂಪಿ ಕಡೆ ನೋಡಿ ಅಂದ್ರು:
"ಶಾವಂತ್ರವ್ವಾ, ಇದು ಬರೇ ನಾತ ಅಲ್ಲ,
ನಿಮ್ಮ ಸಿಲಿಂಡರ್ ಸುಮ್ಮನ ಗಾಳಿಗೆ ಹೊಂಟೈತಿ."

ದಾವಲಸಾಬ ಎರಡು ಹಳೇ ನೀರಿನ ಟಾಕಿ ತಂದ.
ದೊಡ್ಡದರೊಳಗ ಸಣ್ಣದು ಬೋರಲು, ಮ್ಯಾಲೊಂದು ಪೈಪು.
ಎಲಿ ಹೆಚ್ಚಿದ್ವಿ, ಪಲ್ಯಾಕ್ಕ ಹೆಚ್ಚಿದಂಗ.
ಮ್ಯಾಲೆ ಒಂದು ಬಕೆಟ್ಟು ಸಗಣಿ.
ಒಳಗಿನ ಹುಳಕ್ಕ ಮೇಡಂ ಏನೇನೋ ಹೆಸರು ಹೇಳಿದ್ರು,
ನನಗ ತಿಳದದ್ದು ಒಂದ: ಇದು ಹೆಪ್ಪು.
ಹೆಪ್ಪು ಹಾಕಿದ ಗಡಿಗಿ ಇಣುಕಿ ನೋಡಬಾರದು
ಅಂತ ನನಗ ಯಾರೂ ಕಲಸೂದು ಬ್ಯಾಡ.

"ಗಾಳಿ ಹೋದ್ರ ಸಾಯ್ತಾವ" ಅಂದ್ರು.
ಗಾಳಿ ಇಲ್ಲದ ಸಾಯೂದು ಕೇಳಿದ್ದೆ,
ಗಾಳಿ ಬಂದು ಸಾಯೂ ಜೀವಾ ಇವು.
ಕತ್ತಲದಾಗ, ಉಸರಿಲ್ಲದ,
ಕೊಟ್ಟದ್ದು ತಿಂದು, ಯಾರಿಗೂ ಹೇಳದ ಕೆಲಸ ಮಾಡತಾವ.
ಅಂಥಾ ಹೆಣ್ಮಕ್ಕಳನ್ನ ನೋಡೀನಿ ನಾನು.

ಎಂಟು ದಿನಕ್ಕ ಟಾಕಿ ಎದ್ದಿತು, ಉಬ್ಬಿದ ಪೂರಿಯಂಗ.
ಕಡ್ಡಿ ಗೀರಿದೆ. ಫುಸ್ಸ್. ಕಡ್ಡೀನ ಆರಿತು.
ಯಂಕಣ್ಣ ನಕ್ಕ.
ಆಸೇಕ್ಕ ಇನ್ನಷ್ಟು ತುಂಬಿದೆ, ಒಳಗ ಹುಳಿ ಆತು.
ತುರುಕಿದ್ರ ಯಾರ ಹೊಟ್ಟಿಯಾದ್ರೂ ಅಷ್ಟ.
ಸುಣ್ಣ ಕದಡಿ ಹಾಕಿ
ಐದು ದಿನ ಉಪಾಸ ಕೆಡವಿದೆ.

ಮಂಗಳವಾರ ಮುಂಜಾನೆ, ಏಳರ ಚಿಗರಿ ಬಸ್ಸು ಹೋದಮ್ಯಾಲೆ
ಮತ್ತ ಗೀರಿದೆ.
ನೀಲಿ.
ತುದಿಗೆ ಒಂದೀಟು ಹಳದಿ.
ಯಂಕಣ್ಣ ಒಲಿ ಬಿಟ್ಟು ಕೆರೀ ಕಡೆ ನೋಡಿದ.
ಅಂತರಗಂಗಿ ಹೂ ಬಿಟ್ಟಿತ್ತು,
ತಿಳಿನೀಲಿ ಎಸಳು, ನಡುವ ಹಳದಿ ಬೊಟ್ಟು.
ಆತ ಏನೂ ಅನಲಿಲ್ಲ. ನಾನೂ ಅನಲಿಲ್ಲ.

ಕೆರಿ ತಿಳಿ ಆತು ಅಂತ ಸುಳ್ಳು ಹೇಳಬಾರದು.
ಎರಡು ತಾಸು ಎಣ್ಣಿ ಕಾಯೂವಷ್ಟು ಗ್ಯಾಸು,
ಮೂರನೇ ತಾಸಿಗೆ ಸಿಲಿಂಡರ್ ಬೇಕ.
ಆದ್ರ ಗಾಡಿ ತಿರುವಿ ಇಟ್ಟೀನಿ ನೀರಿನ ಕಡೆ.
ನಿನ್ನ ಬೆನ್ನಿಗೆ ರೊಕ್ಕಾ ಕೊಡೂದೇನು ಅಂತಾರ ಗಿರಾಕಿ.
ಯಂಕಣ್ಣನ ತೆಪ್ಪದ ಹಿಂದ ಒಂದು ಚಾಪಿ ಅಗಲ ನೀರು,
ನಾಳೆ ಮುಚ್ಚೂದ, ಇವತ್ತ ಐತಿ.

"ಯವ್ವಾ, ಎರಡು ಪ್ಲೇಟ್!"
ತಡೀಪಾ,
ಆ ಹೊಟ್ಟಿಗೆ ಹಾಕಿ ಬರ್ತೀನಿ.