ಆಷಾಢದ ಮುಹೂರ್ತ

ಆಷಾಢದಲ್ಲಿ ಮದುವೆಯಿಲ್ಲ.
ಪಾಲಯ್ಯನ ಸ್ಟುಡಿಯೊ ಅರ್ಧ ಷಟರ್ ಇಳಿಸಿ ಮಲಗಿದೆ.
ನಾನು ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡು
ಜೋಗಿಮಟ್ಟಿ ದಾರಿಯ ತಂಗಡಿ ಗಿಡದೆದುರು
ಮೊಣಕಾಲೂರಿದ್ದೇನೆ.

ಚಿಪ್ಸ್ ಡಬ್ಬಿ ಸೀಳಿ ಮಾಡಿದ್ದು ಫ್ಲ್ಯಾಶಿನ ಕೊಡೆ.
ಒಳಮೈ ಬೆಳ್ಳಿ, ಇನ್ನೂ ಮಸಾಲೆ ವಾಸನೆ;
ಇರುವೆಗಳಿಗೆ ಅದೇ ಇಷ್ಟ.

ಗುಡ್ಡದ ಮೇಲೆ ಗಾಳಿ ಫ್ಯಾನುಗಳಿಗೆ ಸುಗ್ಗಿ.
ಅವನ್ನೆಲ್ಲ ತಿರುಗಿಸಿ ಮಿಕ್ಕ ಗಾಳಿ
ನನ್ನ ಎಲೆಯನ್ನು ಒಂದು ಕೂದಲೆಳೆ ಅಲ್ಲಾಡಿಸುತ್ತದೆ.
ಅಷ್ಟು ಸಾಕು, ಕಣ್ಣು ಹೋಗಿ ಬೆನ್ನು,
ಬೆನ್ನು ಹೋಗಿ ಬರೀ ಹಸಿರು.

ಉಸಿರು ಹಿಡಿದೆ.
ನೊಣ ಕೂತಿದೆ.
ಬೀಗರೆದುರು ನಿಂತ ಹೆಣ್ಣಿನಪ್ಪನ ಹಾಗೆ
ಕೈ ಹೊಸೆಯುತ್ತದೆ, ತಲೆ ಒರೆಸಿಕೊಳ್ಳುತ್ತದೆ,
ಮತ್ತೆ ಹೊಸೆಯುತ್ತದೆ.
ಬೆನ್ನ ಮೇಲೆ ಒಂದೊಂದು ರೋಮವೂ ನೆಟ್ಟಗೆ.
ಮುಖ ನುಣ್ಣಗೆ ಮಾಡ್ರಿ ಅಂತ ಇದು ಕೇಳುವುದಿಲ್ಲ.

ಕುರಿ ಹೊಡಕೊಂಡು ಬಂದ ಓಬಕ್ಕ ನಿಂತಳು:
"ಏನ್ ಕಳಕೊಂಡೀಯಪ್ಪಾ?"
ತೋರಿಸಿದೆ. ಪರದೆ ತುಂಬ ಕೆಂಪು ಕಣ್ಣು.
"ಅಯ್ಯ, ದಿನಾ ನಮ್ ಕುರಿ ಮೂಗಿನ ಮ್ಯಾಲೆ
ಕೂರೋದು ಇದೇನಾ!"
ಆಮೇಲೆ ದಾರಿಯುದ್ದಕ್ಕೂ
ಕುರಿಗಳ ಮೂಗು ನೋಡುತ್ತಲೇ ಹೋದಳು.

ರಾತ್ರಿ ಹಿಗ್ಗಿಸಿ ನೋಡಿದೆ.
ಆ ಕಣ್ಣೊಳಗೆ ನಾನಿರಬಹುದು ಅಂದುಕೊಂಡಿದ್ದೆ.
ಇದ್ದದ್ದು ಚಿಪ್ಸ್ ಡಬ್ಬಿ.

ಶ್ರಾವಣದ ಮೊದಲ ಮದುವೆ.
ಧಾರೆಯ ಹೊತ್ತಿಗೆ ಸರಿಯಾಗಿ
ಮದುಮಗಳ ಬಾಸಿಂಗದ ಅಂಚಿಗೊಂದು ಬಂದು ಕೂತಿತು.
ಗಟ್ಟಿಮೇಳದ ನಡುವೆ
ನನ್ನ ಉಸಿರು ತಾನೇ ನಿಂತಿತು.

"ಆ ನೊಣ ತೆಗೀರಿ" ಅಂದರು ವಾರ ಬಿಟ್ಟು.
ತೆಗೆದೆ,
ಆಲ್ಬಮ್ಮಿನಿಂದ.