ಕಂತು

ಹನ್ನೊಂದು ವರ್ಷ ಕ್ಲ್ಯಾಪು ಹೊಡೆದ ಕೈ ಇಳಂಪರಿದಿಯದು.
ಸಾಲಿಗ್ರಾಮದ ಕೋಣೆಯಲ್ಲಿ ನಾಲ್ವರಿಗೆ ಒಂದೇ ಇಸ್ತ್ರಿ ಅಂಗಿ,
ಕಥೆ ಹೇಳಲು ಹೋಗುವವನಿಗೆ ಅವತ್ತು.

ನಿರ್ಮಾಪಕರು ಇಡ್ಲಿ ಮುರಿಯುತ್ತ
ತಂಗಿಯ ಪಾತ್ರ ತೆಗೆ ಅಂದರು.
ತೆಗೆದ.
ಅವಳು ಕೋವಿಲ್‌ಪಟ್ಟಿಯಲ್ಲಿ ಕಡ್ಡಿಪೆಟ್ಟಿಗೆ ಅಂಟಿಸಿ
ಅವನ ಬಾಡಿಗೆ ಕಳಿಸುತ್ತಿದ್ದಳು.

ಮೊದಲ ಚಿತ್ರ ಮೂರು ವಾರ ಓಡಿತು.
ಎರಡನೆಯದು ಬಂದದ್ದು ಚಂಡಮಾರುತದ ಶುಕ್ರವಾರ,
ಮೊಣಕಾಲು ನೀರಲ್ಲಿ ನಿಂತ ಥಿಯೇಟರಿಗೆ.
ಮೂರನೆಯದು ಲ್ಯಾಬಿನ ಡಬ್ಬಿಯಲ್ಲೇ
ಹುಳಿವಾಸನೆ ಹಿಡಿಯಿತು.

ಈಗ ಬೇರೆಯವರ ಚಿತ್ರಕ್ಕೆ ಮಾತು ಬರೆಯುತ್ತಾನೆ, ಹೆಸರಿಲ್ಲದೆ.
ಮೊನ್ನೆ ವಡಪಳನಿಯ ಟೀ ಅಂಗಡಿಯಲ್ಲಿ ಲೈಟ್‌ಬಾಯ್ ಒಬ್ಬ
ಬಾಕಿ ಕೇಳಿದವನಿಗೆ ಸಿನಿಮಾ ಮಾತು ಒಗೆದ:
"ಚಂದ್ರನೂ ಕಂತಿನಲ್ಲೇ ತುಂಬೋದು, ಅಣ್ಣಾ."
ಅಂಗಡಿಯೇ ನಕ್ಕಿತು.

ಇಳಂಪರಿದಿ ಇನ್ನೊಂದು ಟೀ ಹೇಳಿದ.
ಅದು ತಂಗಿ ಕಾಗದದಲ್ಲಿ ಬರೆದದ್ದು,
ಒಂದು ತಿಂಗಳು ಬಾಡಿಗೆ ಅರ್ಧವೇ ಬಂದಾಗ.