ಮೂರು ಗಂಟಿ

ಇಪ್ಪತ್ತೊಂಬತ್ತು ವರ್ಷ ಶಾಫ್ಟಿನ ಬಾಯಿಗೆ ನಿಂತು
ಗಂಟಿ ಹೊಡದವ ನಾನು.
ಒಂದು ಅಂದ್ರ ನಿಲ್ಲು. ಎರಡು ಅಂದ್ರ ಇಳಸು.
ಮೂರು ಅಂದ್ರ ಒಳಗ ಜೀವ ಅದಾವು, ಹಗೂರ.
ಹಟ್ಟಿ ಕ್ಯಾಂಪಿನ್ಯಾಗ ಯಾರನ್ನರ ಕೇಳ್ರಿ,
ದ್ಯಾವಣ್ಣನ ಗಂಟಿ ತಪ್ಪಿಲ್ಲ ಅಂತಾರ.
ಈಗ ಒಂದು ನಾಯಿ ಮುಂದ
ಕೈ ಏಳವಲ್ದು.

ಪಾಳಿ ಅಂತ ಅದರ ಹೆಸರು.
ರಾತ್ರಿ ಪಾಳಿ ಬಿಟ್ಟಾಗ ಸಿಕ್ಕಿದ್ದು, ಊಟದ ಡಬ್ಬಿಯಷ್ಟಿತ್ತು.
ಡಬ್ಬಿಯೊಳಗ ಉಳಿದ ಕಾಲು ರೊಟ್ಟಿ ತಿಂದು
ಡಬ್ಬಿ ಹಿಂದನ ಮನಿತನಕ ಬಂತು.
ನನ್ನ ಹೆಂಡತಿ ಹೊಸ್ತಿಲದಾಗ ಕಸಬರಿಗಿ ಹಿಡಕೊಂಡು
"ಇದು ಒಳಗ ಬಂದ್ರ ನೀನೂ ಹೊರಗ" ಅಂದಿದ್ಲು.
ಹದಿನಾಲ್ಕು ವರ್ಷ ಆತು.
ಈಗ ಸಲೈನ್ ಬಾಟ್ಲಿ ತೂಗಾಕಿರೋದು
ಅಕಿ ದೇವರ ಜಗಲಿ ಮ್ಯಾಲಿನ ಮೊಳಿಗೆ,
ಹುಲಿಗೆಮ್ಮನ ಪಟ ಇಳಿಸಿ.
"ತಾಯಿ ಎರಡು ದಿನ ಗೋಡಿಗೆ ಆನಿಕೊಂಡು ಕುಂದರ್ತಾಳ ತಗೋ."

ಕಿಡ್ನಿ ಹೋಗ್ಯಾವಂತ.
ಲಿಂಗಸೂಗೂರಿನ ಡಾಕ್ಟರು ಚೀಟಿ ಮ್ಯಾಲ ಒಂದು ಅಂಕಿ ಬರದು
ಅದರ ಕೆಳಗ ಎರಡು ಗೆರಿ ಎಳದ್ರು.
ಅಂಕಿ ನಾ ಅವತ್ತ ಓದಿದೆ. ಆ ಎರಡು ಗೆರಿ ಓದಾಕ
ಮೂರು ತಿಂಗಳು ಹಿಡೀತು.

ಹುಸೇನಪ್ಪ ಅಂದ, ಮ್ಯಾಲಿನವ ಕೊಟ್ಟ ಉಸರು, ನೀ ಯಾಕ ಎಣಸ್ತಿ.
ಎದುರುಮನಿ ಮೇಷ್ಟ್ರು ಅಂದ್ರು, ಇಷ್ಟು ಖರ್ಚು
ಮನಷ್ಯಾರಿಗೆ ಮಾಡಿದ್ರ ಪುಣ್ಯ ಬರ್ತಿತ್ರಿ.
ಇಬ್ಬರಿಗೂ ಚಾ ಕೊಟ್ಟೆ.
ರಾತ್ರಿ ಲೈಟ್ ಆರಿಸಿ ಅದರ ಉಸರು ಕೇಳ್ತೀನಿ,
ಹಿಂದಕ್ಕ ಕೇಜಿನ ರೋಪು ಕೇಳಿದಂಗ,
ಎಲ್ಲಿ ಸವದೈತಿ, ಎಷ್ಟು ಎಳಿ ಉಳದಾವು ಅಂತ
ಕಿವೀಲೆ ಹುಡುಕ್ಕೋತ.

ಒಮ್ಮೆ ಡಾಕ್ಟರನ್ನ ಬಾಗಲದಿಂದನ ವಾಪಸ್ ಕಳಿಸೀನಿ.
ಅವತ್ತು ಮುಂಜಾನೆ ಮಜ್ಜಿಗ್ಯಾಗ ನೆನಸಿದ ಎರಡು ತುತ್ತು ರೊಟ್ಟಿ ತಿಂದು
ಬಾಲ ಒಂದು ಸರ್ತಿ ನೆಲಕ್ಕ ಬಡಿದಿತ್ತು.
ಒಂದು.
ನಿಲ್ಲು ಅಂತು ಅಂದ್ಕೊಂಡೆ.
ಬರೇ ನೊಣ ಓಡಿಸಿತ್ತೇನೋ.

ನಾ ರಿಟೈರಾದ ಮ್ಯಾಲೂ ಆರು ವರ್ಷ
ಸೈರನ್ ಆದಕೂಡ್ಲೆ ಗೇಟಿಗೆ ಹೋಗಿ ಕುಂತು
ಹೊರಗ ಬರೋ ಒಬ್ಬೊಬ್ಬರ ಪ್ಯಾಂಟು ಮೂಸಿ
ಕಡೀ ಮನಷ್ಯಾ ದಾಟಿದ ಮ್ಯಾಲನ ಮನಿಗೆ ಬರ್ತಿತ್ತು.
ನಾ ಮನ್ಯಾಗ ಇದ್ದೀನಿ ಅನ್ನೋದು ಅದಕ್ಕ ಗೊತ್ತಿತ್ತು.
ಆದ್ರೂ ಎಣಿಕಿ ಎಣಿಕಿನ.
ಆಮ್ಯಾಲ ಕಾಲು ಸೋತವು. ಮಲಗಿದಲ್ಲೇ
ಸೈರನ್ನಿಗೆ ಒಂದು ಕಿವಿ ಅಷ್ಟು ಏಳ್ತಿತ್ತು.
ಮೊನ್ನೆ ಸೋಮವಾರ ಅದೂ ಏಳಲಿಲ್ಲ.

ನಾ ಸುಮ್ಮನಿದ್ದೆ. ಅಕಿನ ಅಂದ್ಲು,
ಜ್ವಾಳ ಹಸನ ಮಾಡಿಕೋತ, ಮಾರಿ ಎತ್ತದ:
"ಕೆಳಗ ಇಳಿಸಿದವ್ರನ್ನೆಲ್ಲ ಮ್ಯಾಲ ತಂದೀ.
ಇದನ್ನ ತರಾಕ ಆಗಂಗಿಲ್ಲಂತ
ನಡುವ ತೂಗಾಕಿ ಬಿಡಬ್ಯಾಡ."

ಎಲ್ಲರನ್ನೂ ತಂದಿಲ್ಲ ನಾನು.
ಇಬ್ಬರು ಬಂದಿಲ್ಲ. ಅಕಿಗೂ ಗೊತ್ತು.

ಇವತ್ತು ಮೂರು ಗಂಟಿಗೆ ಬರ್ತೀನಿ ಅಂದಾರ ಡಾಕ್ಟರು.
ಮುಂಜಾನೆ ಎತ್ತಿಕೊಂಡು ಮಣ್ಣಗುಡ್ಡದ ಕಡೆ ಹೋಗಿದ್ದೆ,
ಬಂಗಾರ ತಗದು ಚೆಲ್ಲಿದ ಬೂದಿ ಮಣ್ಣು.
ಮರಿ ಇದ್ದಾಗ ಅದರ ಮ್ಯಾಲಿಂದ ಜಾರಿ
ಯಾರದೋ ಬ್ಯಾರೆ ನಾಯಾಗಿ ಮನಿಗೆ ಬರ್ತಿತ್ತು.
ಎಷ್ಟು ಹಗೂರ ಆಗೇತಿ.
ಅವತ್ತಿನ ಡಬ್ಬಿಯಷ್ಟ.
ಅಕಿ ತುಪ್ಪದ ಬೆರಳು ತುಟಿಗೆ ಸವರಿದ್ಲು. ನೆಕ್ಕಲಿಲ್ಲ.
ಬೆರಳು ಸೆರಗಿಗೆ ಒರಸಿಕೊಂಡಳು, ಆ ಸೀರಿ
ಇನ್ನ ಒಗಿಯಂಗಿಲ್ಲ ಅನ್ನಸ್ತದ ನನಗ.

ಹೊರಗ ಬೈಕು ನಿಂತ ಸಪ್ಪಳ.
"ಹಿಡಕೋತೀರೇನು, ಹೊರಗ ನಿಲ್ತೀರೇನು?" ಅಂತ ಕೇಳಿದ್ರು.
ಇಳಿಯೋರನ್ನ ಬಿಟ್ಟು
ಎಂದೂ ಬಾಯಿಂದ ಆಕಡೆ ಹೋದವ ಅಲ್ಲ ನಾನು.
ತಲಿ ತೊಡಿ ಮ್ಯಾಲ ತಗೊಂಡೆ.
ಪಕ್ಕಡಿ ಮ್ಯಾಲ ಒಂದು ಬೆರಳಿಂದ ಬಡದೆ,
ಒಂದು, ಎರಡು, ಮೂರು.
ಡಾಕ್ಟರು ಸೂಜಿ ಬೆಳಕಿಗೆ ಹಿಡದು ನೋಡಾಕತ್ತಾರ.
ಅಕಿ ಖಾಲಿ ಮೊಳಿಗೆ ಕೈಯಿಟ್ಟು ನಿಂತಾಳ,
ತಾಯಿ ಇನ್ನೂ ಕೆಳಗ, ಗೋಡಿಗೆ ಆನಿಕೊಂಡು.

ಮುಂದಿನ ಎರಡು
ಹೊಡಿಯೋದು ಬಾಕಿ ಐತಿ.